ಟೆಕ್ಸ್ಟ್‌ಬಾಕ್ಸ್‌ನಲ್ಲಿ ಪೇಸ್ಟ್ ಆಗುವುದನ್ನು ಹಿಡಿಯುವುದು ಹೇಗೆ? (ನುಡಿ ಪಠ್ಯದ ಸಮಸ್ಯೆ)

ಪ್ರಶ್ನೆ:
ನಮಸ್ಕಾರ. ನಮ್ಮೂರ ಗ್ರಂಥಾಲಯದ ಪುಸ್ತಕಪಟ್ಟಿಗಾಗಿ ಸಿ ಶಾರ್ಪ್ ಮತ್ತು ವಿಂಡೋಸ್ ಫಾರ್ಮ್ಸ್ ಬಳಸಿ ಸಣ್ಣ ತಂತ್ರಾಂಶವೊಂದನ್ನು ಬರೆಯುತ್ತಿದ್ದೇನೆ. ಹಳೆಯ ಪಟ್ಟಿಯೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದ ಆಸ್ಕಿ ಫಾಂಟ್‌ನಲ್ಲಿ (ಇಂಗ್ಲಿಷ್ ಮೊದಲಾದ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕಾರ ತೊಡಿಸುವ ಹಳೆಯ ಪದ್ಧತಿ), ವರ್ಡ್ ಕಡತಗಳಲ್ಲಿದೆ. ಅದನ್ನು ಕಾಪಿ ಮಾಡಿ ನನ್ನ ಟೆಕ್ಸ್ಟ್‌ಬಾಕ್ಸ್‌ಗೆ ಪೇಸ್ಟ್ ಮಾಡಿದರೆ ‘ಕನ್ನಡ’ ಎಂಬ ಪದವೇ ದೊಡ್ಡ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಪೌಂಡ್ ಚಿಹ್ನೆ ಎಂದೆಲ್ಲ ಕಾಣಿಸುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಯೂನಿಕೋಡ್‌ಗೆ ಪರಿವರ್ತಿಸುವ ಕೋಡ್ ಸಿದ್ಧವಿದೆ. ಪೇಸ್ಟ್ ಆಗುವ ಕ್ಷಣ ತಿಳಿದರೆ ಸಾಕು.

ಕೀಲಿ ಒತ್ತಿದಾಗ ಓಡುವ ಕೀಡೌನ್‌ನಲ್ಲಿ ಕಂಟ್ರೋಲ್ ವಿ ಹಿಡಿದೆ. ಆದರೆ ಪಟ್ಟಿ ತುಂಬುವವರು ಮೌಸ್‌ನ ಬಲಗುಂಡಿ ಒತ್ತಿ ಪೇಸ್ಟ್ ಮಾಡುತ್ತಾರೆ, ಅದು ನನ್ನ ಕೋಡ್‌ಗೆ ಗೊತ್ತೇ ಆಗುವುದಿಲ್ಲ. ಪಠ್ಯ ಬದಲಾದಾಗ ಓಡುವ ಟೆಕ್ಸ್ಟ್‌ಚೇಂಜ್ಡ್‌ನಲ್ಲಿ ಹಾಕಿದರೆ ಪ್ರತಿ ಅಕ್ಷರ ಟೈಪಿಸಿದಾಗಲೂ ಓಡುತ್ತದೆ, ಕರ್ಸರ್ ಮೊದಲಿಗೆ ಹಾರುತ್ತದೆ.

ಉತ್ತರ:
ಕೀಲಿಗಳ ಬೆನ್ನು ಹತ್ತಬೇಡಿ. ಶಿಫ್ಟ್ ಇನ್ಸರ್ಟ್ ಒತ್ತಿದರೂ ಪೇಸ್ಟ್ ಆಗುತ್ತದೆ ಎಂಬುದು ಬಹಳ ಮಂದಿಗೆ ಮರೆತೇ ಹೋಗಿರುತ್ತದೆ. ಯಾವ ದಾರಿಯಿಂದ ಬಂದರೂ ಟೆಕ್ಸ್ಟ್‌ಬಾಕ್ಸ್‌ಗೆ ವಿಂಡೋಸ್‌ನ ಪೇಸ್ಟ್ ಸಂದೇಶ ತಲುಪುತ್ತದೆ. ಅದರ ಸಂಖ್ಯೆ 770. ಟೆಕ್ಸ್ಟ್‌ಬಾಕ್ಸ್‌ನಿಂದ ನಿಮ್ಮದೇ ಕ್ಲಾಸ್ ಮಾಡಿಕೊಂಡು ಸಂದೇಶಗಳೆಲ್ಲ ಬಂದು ತಲುಪುವ ವಿಂಡ್‌ಪ್ರಾಕ್ ವಿಧಾನವನ್ನು ಓವರ್‌ರೈಡ್ ಮಾಡಿ, ಅಂದರೆ ಅದರ ಜಾಗದಲ್ಲಿ ನಿಮ್ಮದೇ ಕೋಡ್ ಬರೆಯಿರಿ. ಸಂದೇಶ 770 ಆಗಿದ್ದರೆ ಕ್ಲಿಪ್‌ಬೋರ್ಡ್‌ನ ಪಠ್ಯ ಓದಿ, ಪರಿವರ್ತಿಸಿ, ಸೇರಿಸಿ, ಮೂಲ ವಿಧಾನವನ್ನು ಕರೆಯದೆ ಹಿಂದಿರುಗಿ. ಉಳಿದ ಸಂದೇಶಗಳನ್ನು ತಪ್ಪದೆ ಮೂಲಕ್ಕೆ ದಾಟಿಸಿ.

ಸೇರಿಸಲು ಟೆಕ್ಸ್ಟ್ ಎಂಬ ಗುಣಕ್ಕೆ (ಪ್ರಾಪರ್ಟಿ) ಇಡೀ ಪಠ್ಯವನ್ನು ಹೊಸದಾಗಿ ತುಂಬಬೇಡಿ. ಕರ್ಸರ್ ಹಾರುವುದು ಅದರಿಂದಲೇ. ಆಯ್ದ ಭಾಗವನ್ನಷ್ಟೇ ಬದಲಿಸುವ ಸೆಲೆಕ್ಟೆಡ್‌ಟೆಕ್ಸ್ಟ್ ಬಳಸಬಹುದು, ಆದರೆ ಆಗ ಅನ್‌ಡೂ ಅಳಿಸಿಹೋಗುತ್ತದೆ. ಟೆಕ್ಸ್ಟ್‌ಬಾಕ್ಸ್‌ನ ಪೇಸ್ಟ್ ವಿಧಾನಕ್ಕೆ ಪಠ್ಯವನ್ನೇ ಕೊಡುವ ರೂಪವೊಂದಿದೆ, ಅದು ಅನ್‌ಡೂ ಉಳಿಸುತ್ತದೆ. ತಪ್ಪಾಗಿ ಪೇಸ್ಟ್ ಮಾಡಿದವರಿಗೆ ಕಂಟ್ರೋಲ್ ಝಡ್ ಒತ್ತಿ ಹಿಂದೆ ಹೋಗುವ ಹಕ್ಕು ಇರಲೇಬೇಕು. ಹೀಗೆ ಕೋಡ್‌ನಿಂದ ಸೇರಿಸುವಾಗ ಪಠ್ಯದ ಗರಿಷ್ಠ ಉದ್ದ ಹೇಳುವ ಮ್ಯಾಕ್ಸ್‌ಲೆಂಗ್ತ್ ಮಿತಿ ಅನ್ವಯಿಸುವುದಿಲ್ಲ. ಉದ್ದವನ್ನು ನೀವೇ ನೋಡಿಕೊಳ್ಳಿ.

ಮತ್ತೊಬ್ಬರ ಉತ್ತರ:
ಎರಡು ಎಚ್ಚರಿಕೆ. ಬೇರೆ ಪ್ರೋಗ್ರಾಂ ಕ್ಲಿಪ್‌ಬೋರ್ಡ್ ಹಿಡಿದುಕೊಂಡಿದ್ದರೆ ಓದುವಾಗ ಎಕ್ಸೆಪ್ಷನ್ (ಓಟದ ನಡುವಿನ ದೋಷ) ಬರುತ್ತದೆ. ಅದನ್ನು ಹಿಡಿದು ಮೂಲ ವಿಧಾನಕ್ಕೆ ಬಿಟ್ಟುಬಿಡಿ, ತಂತ್ರಾಂಶ ಬೀಳಬಾರದು. ಇನ್ನೊಂದು, ಟಿಪ್ಪಣಿಗೆಂದು ರಿಚ್‌ಟೆಕ್ಸ್ಟ್‌ಬಾಕ್ಸ್ (ಫಾಂಟ್, ಬಣ್ಣಗಳನ್ನೂ ಉಳಿಸುವ ಪೆಟ್ಟಿಗೆ) ಬಳಸಿದ್ದರೆ ಅಲ್ಲಿ ಕಂಟ್ರೋಲ್ ವಿ ಒತ್ತಿದಾಗ 770 ಬರುವುದಿಲ್ಲ. ಅಲ್ಲಿ ಕೀಲಿಗಳನ್ನು ಮೊದಲೇ ನೋಡುವ ಪ್ರೋಸೆಸ್‌ಸಿಎಂಡಿಕೀ ವಿಧಾನವನ್ನು ಓವರ್‌ರೈಡ್ ಮಾಡಿ ಕಂಟ್ರೋಲ್ ವಿ, ಶಿಫ್ಟ್ ಇನ್ಸರ್ಟ್ ಎರಡೂ ಕೀಲಿಜೋಡಿಗಳನ್ನು ಹಿಡಿಯಬೇಕು.

ಪ್ರಶ್ನೆ ಕೇಳಿದವರು:
ಬಲಗುಂಡಿಯ ಪೇಸ್ಟ್ ಸಿಕ್ಕಿತು, ತುಂಬ ಧನ್ಯವಾದಗಳು. ಈಗ ಹೊಸ ತೊಡಕು: ಇಂಗ್ಲಿಷ್ ಪುಸ್ತಕದ ಹೆಸರು ಪೇಸ್ಟ್ ಮಾಡಿದರೂ ಪರಿವರ್ತನೆ ನಡೆದು ಅರ್ಥವಿಲ್ಲದ ಕನ್ನಡವಾಗುತ್ತಿದೆ.

ಮೊದಲು ಉತ್ತರಿಸಿದವರು:
ಮೊದಲು ಪಠ್ಯವನ್ನು ಪರೀಕ್ಷಿಸಿ. 3200ರಿಂದ 3327ರವರೆಗಿನ ಯೂನಿಕೋಡ್ ಸಂಖ್ಯೆಯ ಅಕ್ಷರವಿದ್ದರೆ ಅದು ಆಗಲೇ ಯೂನಿಕೋಡ್ ಕನ್ನಡ, ಮುಟ್ಟಬೇಡಿ. ನೀವು ಹೇಳಿದ ಗೀಟು ಹೊತ್ತ ಎ, ಅಂದರೆ 192, ಪದಪದಕ್ಕೂ ಕಾಣಿಸಿದರೆ ಅದು ನುಡಿ ಎಂದು ಧಾರಾಳವಾಗಿ ನಂಬಬಹುದು. ಎರಡೂ ಇಲ್ಲದಿದ್ದರೆ ಇದ್ದಂತೆಯೇ ಬಿಡಿ.

ಒಂದೇ ಸಾಲಿನಲ್ಲಿ ಕನ್ನಡ, ಇಂಗ್ಲಿಷ್ ಬೆರೆತಿದ್ದರೆ ಬರಿಯ ಪಠ್ಯದಿಂದ ಬಿಡಿಸುವುದು ಕಷ್ಟ. ಎರಡಕ್ಕೂ ಅವೇ ಸಂಖ್ಯೆಗಳು. ಆದರೆ ವರ್ಡ್‌ನಿಂದ ಕಾಪಿ ಮಾಡಿದಾಗ ಕ್ಲಿಪ್‌ಬೋರ್ಡ್‌ನಲ್ಲಿ ಆರ್‌ಟಿಎಫ್ (ಅಲಂಕಾರ ಸಹಿತ ಪಠ್ಯ) ರೂಪವೂ ಇರುತ್ತದೆ, ಫಾಂಟ್‌ನ ಹೆಸರು ಅದರೊಳಗಿದೆ. ಅದನ್ನು ಕಾಣದಂತೆ ಇಟ್ಟ ರಿಚ್‌ಟೆಕ್ಸ್ಟ್‌ಬಾಕ್ಸ್‌ಗೆ ತುಂಬಿ, ಅಕ್ಷರ ಅಕ್ಷರವನ್ನೂ ಆಯ್ದು, ಅದರ ಫಾಂಟ್ ಹೇಳುವ ಸೆಲೆಕ್ಷನ್‌ಫಾಂಟ್ ನೋಡುತ್ತ ಹೋಗಿ. ನುಡಿ ಫಾಂಟ್ ಇರುವ ತುಣುಕನ್ನು ಮಾತ್ರ ಪರಿವರ್ತಿಸಿ.

ಪ್ರಶ್ನೆ ಕೇಳಿದವರು:
ಹಾಗೆಯೇ ಮಾಡಿದೆ. ‘ಕನ್ನಡ–ಇಂಗ್ಲಿಷ್ ನಿಘಂಟು’ ಎಂಬ ಸಾಲಿನ ಪಕ್ಕದಲ್ಲಿದ್ದ ಇಂಗ್ಲಿಷ್ ಹೆಸರು ಹಾಗೆಯೇ ಉಳಿದು, ಕನ್ನಡದ ಭಾಗವಷ್ಟೇ ಯೂನಿಕೋಡ್ ಆಯಿತು. ಉದ್ದದ ಪಠ್ಯವಾದರೆ ಒಂದು ಕ್ಷಣ ತಡವರಿಸುತ್ತದೆ, ಪುಸ್ತಕದ ಹೆಸರುಗಳಿಗೆ ತೊಂದರೆಯಿಲ್ಲ. ನಾಳೆಯಿಂದ ಪಟ್ಟಿ ತುಂಬಲು ಕೊಡುತ್ತೇನೆ.