ಲೇಸರ್‌ಗೆ ಮುಂಚೆ ಎರಡೂ ಕಾಲಿಗೆ ಮರಗಟ್ಟಿಸುವ ಕ್ರೀಮ್ ಹಚ್ಚಬಹುದಾ?

ಪ್ರಶ್ನೆ
ಶನಿವಾರ ಎರಡೂ ಕಾಲಿಗೆ, ತೊಡೆಯಿಂದ ಪಾದದವರೆಗೆ, ಕೂದಲು ತೆಗೆಯುವ ಲೇಸರ್ ಇದೆ. ಒಂದು ಗಂಟೆ ಮೊದಲು ಮನೆಯಲ್ಲೇ ಕ್ರೀಮ್ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಬನ್ನಿ ಅಂತ ಕ್ಲಿನಿಕ್ಕಿನವರು ಅಂದಿದ್ದಾರೆ. ಲಿಡೋಕೇಯ್ನ್ 2.5%, ಪ್ರಿಲೋಕೇಯ್ನ್ 2.5%, 30 ಗ್ರಾಂ ಟ್ಯೂಬ್. ಮೈಗ್ರೇನ್‌ಗೆ ದಿನಾ ಪ್ರೊಪ್ರನೊಲಾಲ್ ತಗೋತೀನಿ, ಮೊಡವೆಗೆ ಡ್ಯಾಪ್ಸೋನ್ ಜೆಲ್ ಹಚ್ತೀನಿ. ಅತ್ತೆಯವರ ಬೆನ್ನಿಗೆ ಲಿಡೋಕೇಯ್ನ್ ಪ್ಯಾಚ್ ಇದೆ, 7 ತಿಂಗಳ ಮಗುವಿಗೆ ಹಲ್ಲು ಬರ್ತಿದೆ, ವಸಡಿಗೆ ಜೆಲ್ ತಂದಿಟ್ಟಿದ್ದೇವೆ. ಒಂದಕ್ಕೊಂದು ಏನಾದರೂ ತೊಂದರೆಯಾ?

ಚರ್ಮರೋಗ ವೈದ್ಯೆ
ಮೊದಲು ಲೆಕ್ಕ ಹಾಕಿ ಮೇಡಂ. ಬೆರಳು ಸೇರಿಸಿ ನಿಮ್ಮ ಒಂದು ಅಂಗೈ ಅಂದರೆ ಮೈಯ ಚರ್ಮದಲ್ಲಿ ಸುಮಾರು 1%, ಹೆಚ್ಚುಕಡಿಮೆ 150 ಚದರ ಸೆಂ.ಮೀ. ಕ್ರೀಮನ್ನು ದಪ್ಪವಾಗಿ ಬಳಿಯುವ ಅಳತೆ 10 ಚದರ ಸೆಂ.ಮೀ.ಗೆ 1 ಗ್ರಾಂ. ಅಂದರೆ ನಿಮ್ಮ ಟ್ಯೂಬ್ ಎರಡೇ ಅಂಗೈಯಷ್ಟು ಜಾಗಕ್ಕೆ ಸಾಕು. ಎರಡು ಕಾಲು ಸೇರಿದರೆ 36 ಅಂಗೈ, ಹದಿನೆಂಟು ಟ್ಯೂಬ್! ಬ್ರಿಟನ್‌ನಲ್ಲಿ ಈ ಕ್ರೀಮಿನ ಮಾಹಿತಿಯಲ್ಲಿ, ಆಗಷ್ಟೇ ಶೇವ್ ಮಾಡಿದ ಚರ್ಮಕ್ಕೆ ದೊಡ್ಡವರಿಗೆ ಹೇಳಿರುವ ಮಿತಿ 60 ಗ್ರಾಂ, 600 ಚದರ ಸೆಂ.ಮೀ. ಅದು ನಾಲ್ಕು ಅಂಗೈ ಅಷ್ಟೇ.

ಹಾಗಾದರೆ ಒಂದೇ ಟ್ಯೂಬನ್ನು ತೆಳ್ಳಗೆ ಎಲ್ಲಾ ಕಡೆ ಸವರಿದರೆ? ಮರಗಟ್ಟುವುದು ಅರೆಬರೆ, ಆದರೆ ಔಷಧ ರಕ್ತಕ್ಕೆ ಇಳಿಯುವ ಬಾಗಿಲು ಮಾತ್ರ ಹದಿನೆಂಟು ಪಟ್ಟು ಅಗಲ. ಮೇಲೆ ಪ್ಲಾಸ್ಟಿಕ್ ಸುತ್ತಿದರೆ ಇನ್ನೂ ಬೇಗ ಹೀರುತ್ತದೆ. ಅಮೆರಿಕದಲ್ಲಿ ಲೇಸರ್‌ಗೆ ಮುಂಚೆ ಕಾಲಿಗೆ ಹೆಚ್ಚು ಸಾಂದ್ರತೆಯ ಕ್ರೀಮ್ ಬಳಿದು ಹೀಗೇ ಸುತ್ತಿಕೊಂಡ ಯುವತಿಯರು ಸತ್ತದ್ದರಿಂದಲೇ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಎಚ್ಚರಿಕೆ ಕೊಟ್ಟಿತು.

ಪೂರ್ತಿ ಕಾಲಿಗೆ ಕ್ರೀಮೇ ಬೇಡ ಅನ್ನೋದು ನನ್ನ ಅಭಿಪ್ರಾಯ. ತಣ್ಣನೆ ಗಾಳಿ ಊದುವ ಯಂತ್ರ, ತಂಪು ತುದಿ ಇರುವ ಲೇಸರ್ ಸಾಕಾಗುತ್ತದೆ. ಮೊಣಕಾಲು, ಕಣಕಾಲಿನಂಥ ಎಲುಬಿನ ಮೇಲಿನ ಜಾಗಕ್ಕೆ ಬೇಕೇ ಬೇಕೆಂದರೆ ಕ್ಲಿನಿಕ್ಕಿನಲ್ಲೇ, ಅವರ ಕಣ್ಣೆದುರು ಹಚ್ಚಿಸಿಕೊಳ್ಳಿ. ಇನ್ನೊಂದು ವಿಷಯ: ಪೂರ್ತಿ ಮರಗಟ್ಟಿದ ಚರ್ಮ ಸುಡುತ್ತಿದ್ದರೂ ನಿಮಗೆ ಗೊತ್ತಾಗಲ್ಲ. "ಉರೀತಿದೆ" ಅಂತ ನೀವು ಹೇಳಿದರೆ ತಾನೇ ಅವರು ಶಕ್ತಿ ಇಳಿಸೋದು.

ಫಾರ್ಮಸಿಸ್ಟ್
ಮಾತ್ರೆಗಳ ವಿಷಯಕ್ಕೆ ಬರ್ತೀನಿ. ಲಿಡೋಕೇಯ್ನನ್ನು ರಕ್ತದಿಂದ ತೆಗೆಯೋದು ಲಿವರ್. ಪ್ರೊಪ್ರನೊಲಾಲ್ ಲಿವರ್‌ಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತೆ, ಹಾಗಾಗಿ ಲಿಡೋಕೇಯ್ನ್ ಒಳಗೇ ಉಳಿಯುತ್ತೆ. ಅಂಗೈಯಷ್ಟು ಜಾಗಕ್ಕಾದರೆ ಇದು ಲೆಕ್ಕಕ್ಕಿಲ್ಲ, ಎರಡು ಕಾಲಿಗಾದರೆ ಇದೆ. ಹಾಗಂತ ಶನಿವಾರಕ್ಕೋಸ್ಕರ ಪ್ರೊಪ್ರನೊಲಾಲ್ ತಟ್ಟನೆ ಬಿಡಬೇಡಿ, ಎದೆಬಡಿತ, ಬಿಪಿ ಏರಿಬಿಡಬಹುದು. ಅಸಿಡಿಟಿಯ ಮಾತ್ರೆ ಸಿಮೆಟಿಡಿನ್ ಕೂಡ ಲಿಡೋಕೇಯ್ನನ್ನು ನಿಧಾನ ಮಾಡುತ್ತೆ. ಅಮಿಯೊಡರೋನ್, ಮೆಕ್ಸಿಲೆಟಿನ್‌ನಂಥ ಹೃದಯ ಬಡಿತದ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಹಚ್ಚಲೇಬಾರದು.

ನಿಮ್ಮ ಪಟ್ಟಿಯಲ್ಲಿ ನನಗೆ ಹೆಚ್ಚು ಚಿಂತೆ ತಂದಿದ್ದು ಡ್ಯಾಪ್ಸೋನ್. ಅದೂ ಪ್ರಿಲೋಕೇಯ್ನೂ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾಗದ ರೂಪಕ್ಕೆ ತಿರುಗಿಸುತ್ತವೆ. ಅದಕ್ಕೆ ಮೆಥಿಮೋಗ್ಲೋಬಿನ್ ಅಂತಾರೆ. ಜೆಲ್ ಮುಖಕ್ಕೆ ಮಾತ್ರ ಅಲ್ವಾ ಅಂತ ಬಿಡಬೇಡಿ, ಬರೀ ಜೆಲ್‌ನಿಂದಲೂ ಹೀಗಾಗಿ ಆಸ್ಪತ್ರೆ ಸೇರಿದವರಿದ್ದಾರೆ. ಆಂಟಿಬಯೋಟಿಕ್ ಆದ ಕೋ-ಟ್ರೈಮಾಕ್ಸಜೋಲ್, ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯುರಾಂಟೊಯಿನ್, ಫಿಟ್ಸ್‌ನ ಫಿನಿಟೋಯಿನ್, ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್, ಎಲ್ಲವೂ ಇದೇ ಗುಂಪು. ಮಂಗಳೂರು ಕಡೆಯವರು ವೈವಾಕ್ಸ್ ಮಲೇರಿಯಾಕ್ಕೆ 14 ದಿನ ನುಂಗುವ ಪ್ರೈಮಾಕ್ವಿನ್ ಕೂಡ. ಜಿ6ಪಿಡಿ ಅನ್ನೋ, ಕೆಂಪು ರಕ್ತಕಣ ಕಾಯುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇದ್ದವರಿಗಂತೂ ಅಪಾಯ ಇನ್ನೂ ಹೆಚ್ಚು.

ಲಿಗ್ನೋಕೇಯ್ನ್, ಲಿಡೋಕೇಯ್ನ್ ಎರಡೂ ಒಂದೇ ಔಷಧ. ಪೆಟ್ಟಿಗೆಗಳ ಮೇಲೆ ಬೇರೆ ಬೇರೆ ಹೆಸರಿದೆ ಅಂತ ಅತ್ತೆಯವರ ಪ್ಯಾಚಿನ ಜೊತೆ ಇನ್ನೊಂದು ಮುಲಾಮು ಹಚ್ಚಿಬಿಟ್ಟೀರಿ.

ಮಕ್ಕಳ ವಾರ್ಡಿನ ನರ್ಸ್
ಮಗುವಿನ ಜೆಲ್ ಇವತ್ತೇ ತೆಗೆದಿಡಿ. ಅದರಲ್ಲಿ ಬೆಂಜೋಕೇಯ್ನ್ ಎಂಬ ಮರಗಟ್ಟಿಸುವ ಔಷಧ ಇದ್ದರೆ 2 ವರ್ಷದೊಳಗಿನವರಿಗೆ ಬೇಡವೇ ಬೇಡ, ಮೆಥಿಮೋಗ್ಲೋಬಿನ್ ಕಾಟ ಅದರಲ್ಲೂ ಇದೆ. ಲಿಡೋಕೇಯ್ನ್ ಜೆಲ್ ಜೊಲ್ಲಿನ ಜೊತೆ ಗಂಟಲಿಗಿಳಿದರೆ ಗಂಟಲೂ ಮರಗಟ್ಟಿ ಹಾಲು ನೆತ್ತಿಗೇರುತ್ತದೆ, ಹೆಚ್ಚು ಒಳಗೆ ಹೋದರೆ ಫಿಟ್ಸ್ ಬರಬಹುದು. ದೊಡ್ಡವರ ಬಾಯಿಹುಣ್ಣಿನ ಜೆಲ್‌ನಲ್ಲಿ ಎಷ್ಟೋ ಸಲ ಆಸ್ಪಿರಿನ್ ಜಾತಿಯ ಕೋಲಿನ್ ಸ್ಯಾಲಿಸಿಲೇಟ್ ಇರುತ್ತದೆ, ಅದೂ ಬೇಡ. ತೊಳೆದ ಬೆರಳಿನಿಂದ ವಸಡು ತಿಕ್ಕಿ, ಇಲ್ಲವೇ ಫ್ರಿಜ್‌ನಲ್ಲಿ ತಣ್ಣಗಾದ ಒದ್ದೆ ಬಟ್ಟೆ ಕಚ್ಚಲು ಕೊಡಿ, ಫ್ರೀಜರ್‌ನದ್ದು ಬೇಡ.

ಪ್ಯಾಚ್ ಬಗ್ಗೆ: 5% ಪ್ಯಾಚ್ ಒಂದರಲ್ಲಿ 700 ಮಿ.ಗ್ರಾಂ ಔಷಧ. 12 ಗಂಟೆ ಅಂಟಿಸಿ ಕಿತ್ತ ಮೇಲೂ ಅದರಲ್ಲಿ 665 ಮಿ.ಗ್ರಾಂ ಉಳಿದಿರುತ್ತದೆ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಅದನ್ನು ಮಂಚದ ಪಕ್ಕ ಬಿಟ್ಟರೆ ನೇರ ಬಾಯಿಗೇ. ಅಂಟು ಒಳಗಾಗುವಂತೆ ಮಡಚಿ, ಮುಚ್ಚಳ ಇರುವ ಡಬ್ಬಿಗೆ ಹಾಕಿ. 12 ಗಂಟೆ ಹಾಕಿದರೆ ಮುಂದಿನ 12 ಗಂಟೆ ಬಿಡುವು, ಅದರ ಮೇಲೆ ಬಿಸಿನೀರಿನ ಚೀಲ ಇಡಬಾರದು. ನೀವೂ ಕ್ರೀಮ್ ಹಚ್ಚಿಕೊಂಡ ಕಾಲಲ್ಲಿ ಮಗುವನ್ನು ಮಲಗಿಸಿಕೊಳ್ಳಬೇಡಿ.

ಕೇಳಿದವರು
ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಕಣಕಾಲಿಗೆ ಮಾತ್ರ, ಅಲ್ಲೇ ಹಚ್ತಾರಂತೆ. ಡ್ಯಾಪ್ಸೋನ್ ಬಗ್ಗೆ ನಮ್ಮ ಡಾಕ್ಟರನ್ನು ಕೇಳಿದ ಮೇಲೇ ಅಂದರು. ಏರುಪೇರಾದರೆ ಹೇಗೆ ಗೊತ್ತಾಗುತ್ತೆ?

ತುರ್ತು ಚಿಕಿತ್ಸಾ ವೈದ್ಯ
ಎರಡು ಬೇರೆ ಬೇರೆ ಚಿತ್ರ. ಬಾಯಿ ಸುತ್ತ ಜೋಮು, ನಾಲಿಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಸದ್ದು, ಮಾತು ತೊದಲುವುದು ಲಿಡೋಕೇಯ್ನ್ ಹೆಚ್ಚಾಗಿದ್ದರ ಗುರುತು. ಮುಂದಿನದು ಫಿಟ್ಸ್. ತುಟಿ, ಉಗುರು ಬೂದಿ-ನೀಲಿಗೆ ತಿರುಗಿ ಏದುಸಿರು ಬಂದರೆ ಅದು ಮೆಥಿಮೋಗ್ಲೋಬಿನ್. ಕೆಲವೊಮ್ಮೆ ಕ್ರೀಮ್ ಒರೆಸಿ ಗಂಟೆಗಳ ನಂತರವೂ ಕಾಣಿಸಿಕೊಳ್ಳುತ್ತದೆ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ನಂಬಿಕೆಗೆ ಅರ್ಹವಲ್ಲ, ತೀವ್ರವಾದಾಗ 85%ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ರಕ್ತ ತೆಗೆದರೆ ಚಾಕೊಲೇಟ್ ಬಣ್ಣ.

ಎರಡರಲ್ಲಿ ಯಾವುದಾದರೂ ಸರಿ, ಮೊದಲು ಪ್ಲಾಸ್ಟಿಕ್ ಕಿತ್ತು, ಕ್ರೀಮ್ ಒರೆಸಿ ತೊಳೆದು, 108ಕ್ಕೆ ಕರೆ ಮಾಡಿ. ನೀವೇ ಗಾಡಿ ಓಡಿಸಬೇಡಿ. ಟ್ಯೂಬನ್ನು ಜೊತೆಗೇ ತನ್ನಿ, ಹಚ್ಚಿದ ಸಮಯವನ್ನು ಪೆನ್ನಿನಲ್ಲಿ ಕೈಮೇಲೆ ಬರೆದುಕೊಂಡಿರಿ. ಖಿನ್ನತೆಗೆ ಮಾತ್ರೆ ತಗೊಳ್ತಿದ್ದರೆ, ಜಿ6ಪಿಡಿ ಕೊರತೆ ಇದ್ದರೆ ಬಾಗಿಲಲ್ಲೇ ಹೇಳಿ: ಮೆಥಿಮೋಗ್ಲೋಬಿನ್‌ಗೆ ನಾವು ಕೊಡುವ ಮೆಥಿಲೀನ್ ಬ್ಲೂ ಅಂಥವರಿಗೆ ಬೇರೆ ತೊಂದರೆ ತರುತ್ತದೆ.