ಟೈಟಾನಿಕ್‌ನ ಟರ್ಬೈನ್ ಅಷ್ಟು ಕಡಿಮೆ ಒತ್ತಡದಲ್ಲಿ ತಿರುಗಿದ್ದು ಹೇಗೆ?

ಪ್ರಶ್ನೆ: ಹಡಗಿನ ಎಂಜಿನಿಯರ್‌ಗಳು ಯಾರಾದರೂ ಬಿಡಿಸಿ ಹೇಳಿ. ಟೈಟಾನಿಕ್‌ನಲ್ಲಿ ಎರಡು ಪಿಸ್ಟನ್ ಎಂಜಿನ್‌ಗಳ ಜೊತೆಗೆ, ನಡುವಿನ ಪ್ರೊಪೆಲ್ಲರ್‌ಗೆ ಒಂದು ಟರ್ಬೈನ್ (ಹಬೆಯ ರಭಸಕ್ಕೆ ತಿರುಗುವ ಬ್ಲೇಡುಗಳ ಯಂತ್ರ) ಇತ್ತಂತೆ. ಪಿಸ್ಟನ್ ಎಂಜಿನ್‌ಗಳಲ್ಲಿ ದುಡಿದು ಅದಕ್ಕೆ ಬರುತ್ತಿದ್ದ ಹಬೆಯ ಒತ್ತಡ ಚದರ ಇಂಚಿಗೆ ಬರೀ 9 ಪೌಂಡ್. ಸುತ್ತಲಿನ ಗಾಳಿಯದೇ 14.7 ಪೌಂಡ್ ಇರುತ್ತದಲ್ಲ ಸರ್? ಅಂಥ ಸೋತ ಹಬೆಯಿಂದ 16,000 ಅಶ್ವಶಕ್ತಿ ಹೇಗೆ ಬಂತು?

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ. ಹಬೆ ಟರ್ಬೈನ್ ಹಡಗುಗಳಲ್ಲಿ ವರ್ಷಗಟ್ಟಲೆ ದುಡಿದವನಾಗಿ ಹೇಳುತ್ತೇನೆ, ಗುಟ್ಟೆಲ್ಲ ಕಂಡೆನ್ಸರ್‌ನಲ್ಲಿದೆ.

ಬಿಸಿ ಸಾರು ತುಂಬಿದ ಸ್ಟೀಲ್ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿಟ್ಟು, ತಣ್ಣಗಾದ ಮೇಲೆ ತೆಗೆಯಲು ನೋಡಿ. ಮುಚ್ಚಳ ಜಪ್ಪಯ್ಯ ಅಂದರೂ ಬರುವುದಿಲ್ಲ. ಒಳಗಿನ ಹಬೆ ನೀರಾಯಿತು, ಜಾಗ ಬರಿದಾಯಿತು, ಹೊರಗಿನ ಗಾಳಿ ಮುಚ್ಚಳವನ್ನು ಅದುಮಿ ಹಿಡಿಯಿತು. ಕಂಡೆನ್ಸರ್ ಅಂಥದೇ ಒಂದು ಭಾರೀ ಡಬ್ಬಿ. ಒಳಗೆ ಸಾವಿರಾರು ಸಣ್ಣ ಟ್ಯೂಬುಗಳು, ಅವುಗಳೊಳಗೆ ತಣ್ಣನೆಯ ಸಮುದ್ರದ ನೀರು. ಹೊರಮೈಗೆ ತಾಗಿದ ಹಬೆ ತಕ್ಷಣ ನೀರಾಗಿ ಇಳಿಯುತ್ತದೆ. ಆ ನೀರನ್ನೂ ಸೋರಿ ಬಂದ ಗಾಳಿಯನ್ನೂ ಏರ್ ಪಂಪ್ ಬಿಡದೆ ಎಳೆದು ಹಾಕುತ್ತದೆ. ಹೀಗೆ ಟೈಟಾನಿಕ್‌ನ ಕಂಡೆನ್ಸರ್‌ನಲ್ಲಿ ಒತ್ತಡ ಸುಮಾರು 1 ಪೌಂಡಿಗೆ ಇಳಿಯುತ್ತಿತ್ತು. ಅಂದಮೇಲೆ ಟರ್ಬೈನಿನ ಹಬೆ ಹರಿದದ್ದು 9ರಿಂದ 1ಕ್ಕೆ. ಹೊರಗಿನ 14.7ಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಈ ಹಾದಿಯಲ್ಲಿ ಹಬೆ ಮತ್ತೆ ಏಳೆಂಟು ಪಟ್ಟು ಹಿಗ್ಗುತ್ತದೆ. ಪಿಸ್ಟನ್ ಎಂಜಿನ್‌ನ ಕೊನೆಯ ಸಿಲಿಂಡರ್‌ಗಳೇ 97 ಇಂಚು ಅಗಲ ಇದ್ದವು, ಒಂದೊಂದು ಎಂಜಿನ್‌ಗೆ ಎರಡೆರಡು. ಇನ್ನೂ ಹಿಗ್ಗಿದ ಹಬೆಯನ್ನು ಹಿಡಿಯಲು ಎಷ್ಟು ದೊಡ್ಡ ಸಿಲಿಂಡರ್ ಎರಕ ಹೊಯ್ಯಬೇಕಿತ್ತು ಯೋಚಿಸಿ. ಟರ್ಬೈನಿಗೆ ಆ ತೊಂದರೆಯಿಲ್ಲ, ಬ್ಲೇಡುಗಳನ್ನು ಉದ್ದ ಮಾಡುತ್ತ ಹೋದರಾಯಿತು.

ಪ್ರಶ್ನೆ: ಹಾಗಿದ್ದರೆ ಮೂರೂ ಪ್ರೊಪೆಲ್ಲರ್‌ಗಳಿಗೆ ಟರ್ಬೈನೇ ಹಾಕಬಹುದಿತ್ತಲ್ಲವೇ?

ಉತ್ತರ: ಹಾಗೆ ಮಾಡಿದ ಹಡಗೂ ಇತ್ತು. 1907ರ ಮಾರಿಟೇನಿಯದ ನಾಲ್ಕೂ ಪ್ರೊಪೆಲ್ಲರ್‌ಗಳಿಗೆ ಪಾರ್ಸನ್ಸ್ ಟರ್ಬೈನ್. 1909ರಿಂದ 1929ರವರೆಗೆ ಅಟ್ಲಾಂಟಿಕ್ ದಾಟುವ ವೇಗದ ದಾಖಲೆ ಅದರದ್ದೇ. ಆದರೆ ದಿನಕ್ಕೆ ಸುಮಾರು 1,000 ಟನ್ ಕಲ್ಲಿದ್ದಲು ಬೇಕಿತ್ತು. ಟರ್ಬೈನ್ ಜೋರಾಗಿ ತಿರುಗಿದಷ್ಟೂ ಚೆನ್ನ, ಪ್ರೊಪೆಲ್ಲರ್ ನಿಧಾನವಾಗಿದ್ದಷ್ಟೂ ಚೆನ್ನ. ನಡುವೆ ಗೇರ್ ಇಲ್ಲದ ಕಾಲ ಅದು. ಇಬ್ಬರಿಗೂ ಒಗ್ಗದ ವೇಗದಲ್ಲಿ ಸಂಸಾರ ನಡೆಸಬೇಕಿತ್ತು. ಮೇಲಾಗಿ ಟರ್ಬೈನ್ ಒಂದೇ ಕಡೆಗೆ ತಿರುಗುವುದರಿಂದ, ಹಿಂದಕ್ಕೆ ಹೋಗಲು ಬೇರೆಯೇ ಟರ್ಬೈನ್‌ಗಳು ಬೇಕು.

ಟೈಟಾನಿಕ್‌ನ ಒಡೆಯರಾದ ವೈಟ್ ಸ್ಟಾರ್ ಕಂಪನಿಯವರಿಗೆ ವೇಗಕ್ಕಿಂತ ಮಿತವ್ಯಯ ಮುಖ್ಯವಾಗಿತ್ತು. 1909ರಲ್ಲಿ ಲಾರೆಂಟಿಕ್ ಹಡಗಿಗೆ ಪಿಸ್ಟನ್ ಮತ್ತು ಟರ್ಬೈನ್‌ನ ಈ ಜೋಡಿ ಏರ್ಪಾಡು, ಅದರ ತಂಗಿ ಮೆಗಾಂಟಿಕ್‌ಗೆ ಬರೀ ಪಿಸ್ಟನ್ ಹಾಕಿ ನೋಡಿದರು. ಲಾರೆಂಟಿಕ್ ಗೆದ್ದಿತು. ಟೈಟಾನಿಕ್ ಹಿಂದಕ್ಕೆ ಚಲಿಸುವಾಗ ಹಬೆಯನ್ನು ಟರ್ಬೈನಿಗೆ ಬಿಡದೆ ನೇರ ಕಂಡೆನ್ಸರ್‌ಗೆ ತಿರುಗಿಸುತ್ತಿದ್ದರು, ನಡುವಿನ ಪ್ರೊಪೆಲ್ಲರ್ ಸುಮ್ಮನಿರುತ್ತಿತ್ತು.

ಇನ್ನೊಬ್ಬ ಸದಸ್ಯರು: ಸುತ್ತಲೂ ಸಮುದ್ರವಿದೆಯಲ್ಲ, ಆ ನೀರನ್ನೇ ಬಾಯ್ಲರ್‌ಗೆ ಬಿಟ್ಟರೆ ಹಬೆಯನ್ನು ಮರಳಿ ನೀರು ಮಾಡುವ ಗೋಜೇ ಇರುವುದಿಲ್ಲ?

ಉತ್ತರ: ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಲ್ಲ? ಸಮುದ್ರದ ನೀರಿನ ಪೊರೆ ಅದರಪ್ಪ. ಪೊರೆ ಕಟ್ಟಿದ ಲೋಹ ಕಾದು ಕೆಂಪಾಗಿ ಒಡೆಯುತ್ತದೆ. ಅದಕ್ಕೇ ಅದೇ ಸಿಹಿನೀರನ್ನು ಮತ್ತೆ ಮತ್ತೆ ಸುತ್ತಿಸುವುದು.

ನಮಗೆ ನಿದ್ದೆಗೆಡಿಸುತ್ತಿದ್ದದ್ದು ಕಂಡೆನ್ಸರ್ ಟ್ಯೂಬಿನ ತೂತು. ಟ್ಯೂಬಿನ ಹೊರಗೆ ನಿರ್ವಾತ ಇರುವುದರಿಂದ ಸೂಜಿಮೊನೆಯಷ್ಟು ತೂತಾದರೂ ಉಪ್ಪುನೀರು ನುಗ್ಗುತ್ತದೆ. ಬಾಯ್ಲರ್‌ಗೆ ಹೋಗುವ ನೀರನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಡುತ್ತಿದ್ದೆವು. ಹಾಲಿನಂತೆ ಮಬ್ಬಾದರೆ ಉಪ್ಪು ಸೇರಿದೆ ಎಂದರ್ಥ. ನಡುಸಮುದ್ರದಲ್ಲಿ ನಿಲ್ಲಿಸಲಾಗದಿದ್ದರೆ ತಣ್ಣೀರಿನ ಜೊತೆ ಮರದ ಹೊಟ್ಟು ಬಿಡುವುದು ಹಳೆಯ ಉಪಾಯ, ಅದು ಹೋಗಿ ತೂತಿಗೆ ಅಂಟಿಕೊಳ್ಳುತ್ತಿತ್ತು. ಬಂದರು ಸೇರಿದ ಮೇಲೆ ಕಂಡೆನ್ಸರ್‌ನ ಬಾಗಿಲು ತೆಗೆದು, ಒಳಗೆ ಸ್ವಲ್ಪ ನಿರ್ವಾತ ಉಳಿಸಿಕೊಂಡು, ಟ್ಯೂಬುಗಳ ಬಾಯಿಯ ಮುಂದೆ ಮೇಣದಬತ್ತಿ ಸರಿಸುತ್ತ ಹೋಗುವುದು. ಜ್ವಾಲೆ ಎಲ್ಲಿ ಒಳಕ್ಕೆ ವಾಲಿತೋ ಅದೇ ತೂತಾದ ಟ್ಯೂಬು. ಅದರ ಎರಡೂ ತುದಿಗೆ ಬೆಣೆ ಬಡಿದು ಬಾಗಿಲು ಮುಚ್ಚುತ್ತಿದ್ದೆವು.