ಅಪ್‌ಡೇಟ್: ಡಾಪ್ಲರ್ ಸದ್ದು ಇದೆ, ಆದರೂ ಫ್ಲಾಪ್ ನೀಲಿ

ಕೇಳಿದ್ದು ಇಷ್ಟು: ಬಾಯೊಳಗೆ ಕೂರಿಸಿದ ಮುಂಗೈ ಫ್ಲಾಪ್ (ಮುಂಗೈಯಿಂದ ರಕ್ತನಾಳ ಸಮೇತ ತೆಗೆದು ಬೇರೆಡೆ ಜೋಡಿಸಿದ ಚರ್ಮದ ತುಂಡು) ಎರಡನೇ ರಾತ್ರಿ ನೀಲಿಗಟ್ಟುತ್ತಿದೆ, ಆದರೆ 8 ಮೆಗಾಹರ್ಟ್ಸ್ ಡಾಪ್ಲರ್‌ನಲ್ಲಿ (ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಉಪಕರಣ) ಸದ್ದು ಚೆನ್ನಾಗಿದೆ, ಯಾವುದನ್ನು ನಂಬುವುದು?

ಬಣ್ಣವನ್ನೇ. ರಕ್ತ ಹೊರಗೊಯ್ಯುವ ಅಭಿಧಮನಿ ಕಟ್ಟಿಕೊಂಡರೂ, ರಕ್ತ ಒಳತರುವ ಅಪಧಮನಿಯ ಸದ್ದು ಕೆಲವು ಗಂಟೆ ಕೇಳುತ್ತಲೇ ಇರಬಹುದು. ಕುತ್ತಿಗೆಯ ಮೇಲೆ ಡಾಪ್ಲರ್‌ನ ಪ್ರೋಬ್ ಇಟ್ಟರೆ ಪಕ್ಕದ ರಕ್ತನಾಳದ ಸದ್ದಿಗೆ ಮೋಸಹೋಗುವುದೂ ಉಂಟು. ಅದಕ್ಕೇ ಸದ್ದು ಸಿಗುವ ಜಾಗಕ್ಕೆ ಆಪರೇಷನ್ ಮುಗಿಯುವಾಗಲೇ ಫ್ಲಾಪ್ ಮೇಲೆ ಗುರುತಿನ ಹೊಲಿಗೆ ಹಾಕಿಡಬೇಕು.

ಒತ್ತಿ ಬಿಟ್ಟಾಗ ಬಣ್ಣ ಮರಳಲು ಸುಮಾರು 2 ಸೆಕೆಂಡು ಹಿಡಿದರೆ ಸರಿ. ಇಲ್ಲಿ 1 ಸೆಕೆಂಡೂ ಹಿಡಿಯಲಿಲ್ಲ, ಅಂದರೆ ರಕ್ತ ಹೊರಹೋಗದೆ ಒಳಗೇ ತುಂಬಿಕೊಂಡಿದೆ. ಪೆಡಿಕಲ್‌ನಿಂದ (ಫ್ಲಾಪ್‌ಗೆ ರಕ್ತ ಹೋಗಿಬರುವ ನಾಳಗಳು) ದೂರದಲ್ಲಿ 24 ಗೇಜ್ ಸೂಜಿ ಚುಚ್ಚಿದ ಕೂಡಲೇ ಕಪ್ಪು ರಕ್ತ ಒಸರಿತು, ಒರೆಸಿದರೂ ನಿಲ್ಲಲಿಲ್ಲ. (ಅಪಧಮನಿ ಕಟ್ಟಿದ್ದರೆ ಫ್ಲಾಪ್ ಬಿಳಚಿಕೊಂಡು, ಚುಚ್ಚಿದರೂ ರಕ್ತ ಬರುವುದಿಲ್ಲ.)

ಟ್ರಕಿಯಾಸ್ಟಮಿ (ಉಸಿರಾಟಕ್ಕೆ ಕುತ್ತಿಗೆಯಲ್ಲಿ ಇಟ್ಟ ಕೊಳವೆ) ಟೇಪ್ ಸಡಿಲಿಸಿ, ತಲೆ ನೇರ ಮಾಡಿ, ಡ್ರೈನ್ (ಗಾಯದೊಳಗೆ ಸೇರುವ ರಕ್ತವನ್ನು ಹೊರಹರಿಸುವ ನಳಿಕೆ) ನೋಡಿದ್ದಾಯಿತು, ಬಣ್ಣ ತಿರುಗಲಿಲ್ಲ. ಮತ್ತೆ ಕಾಯದೆ ಥಿಯೇಟರ್‌ಗೆ. ಒಳಗೆ ಹೆಪ್ಪುಗಟ್ಟಿದ ರಕ್ತ ಅಭಿಧಮನಿಯನ್ನು ಅದುಮಿತ್ತು. ಅದನ್ನು ತೆಗೆದು, ರಕ್ತನಾಳದ ಜೋಡಣೆಯನ್ನು ಹೊಸದಾಗಿ ಹೊಲಿದ ಮೇಲೆ ಫ್ಲಾಪ್ ಗುಲಾಬಿಗೆ ತಿರುಗಿದೆ. ಈಗ ಮತ್ತೆ 48 ಗಂಟೆ, ಗಂಟೆಗೊಮ್ಮೆ ತಪಾಸಣೆ, ಪ್ರತಿ ಸಲವೂ ಅದೇ ಟಾರ್ಚ್ ಬೆಳಕಿನಲ್ಲಿ. ಬೆಳಕು ಬದಲಾದರೆ ಬಣ್ಣವೂ ಬೇರೆಯಾಗಿ ಕಾಣುತ್ತದೆ.